ಹುಳುಮನೆ ಭದ್ರಮ್ಮ ಮತ್ತು ಗ್ರೀಸಿನ ಜಾಡಿ

ಕೈಲಾಂಚದಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಸಿಗುವ ಊರು ಅದು. ರೇಷ್ಮೆ ಸಾಕುವ ಮನೆಗಳು ಹದಿನೆಂಟು. ಯಾರ ಮನೆಯ ಹುಳು ಮಂಕಾದರೂ ಮೊದಲು ಕರೆ ಬರುವುದು ಭದ್ರಮ್ಮನಿಗೆ. ಆಕೆ ಸೆರಗು ಸಿಕ್ಕಿಸಿಕೊಂಡು ಹೋಗಿ, ಹುಳು ಮೇಯುವ ಅಟ್ಟಣಿಗೆಯ ಮೇಲೆ ಬಗ್ಗಿ, ಒಂದು ಹುಳುವನ್ನು ಅಂಗೈಗೆ ಎತ್ತಿಕೊಂಡು, ಅದು ನಡೆಯುವ ರೀತಿ ನೋಡಿ, "ಸೊಪ್ಪಲ್ಲಿ ನೀರು ಜಾಸ್ತಿಯಾಗೈತೆ, ನೆಳ್ಳಲ್ಲಿ ಒಸಿ ಆರಾಕಿ ಕೊಡು" ಎಂದೋ, "ಕಿಟ್ಕಿ ತೆಗೀರಿ, ಉಸುರು ಕಟ್ಟೈತೆ" ಎಂದೋ ಹೇಳಿ ಬರುತ್ತಾಳೆ. ಹತ್ತಕ್ಕೆ ಎಂಟು ಸಲ ಹೇಳಿದ್ದು ಸರಿಹೋಗುತ್ತದೆ. ಸರಿಹೋಗದ ಎರಡು ಸಲ ಮನೆಗೆ ಬಂದು ಊಟ ಬಿಟ್ಟು ಮಲಗಿಬಿಡುತ್ತಾಳೆ.

ಊರವರ ಹುಳು ಸತ್ತರೆ ಈಕೆ ಯಾಕೆ ಊಟ ಬಿಡಬೇಕು ಎಂದು ಸೊಸೆ ಕುಸುಮ, ಮದುವೆಯಾದ ಹೊಸದರಲ್ಲಿ, ಗಂಡ ತಿಮ್ಮೇಶನನ್ನು ಕೇಳಿದ್ದಳು. ಅವನಿಗೂ ಗೊತ್ತಿರಲಿಲ್ಲ. "ಅವ್ವ ಮೊದ್ಲಿಂದ್ಲೂ ಹಂಗೇ ಕಣೆ" ಅಂದು ಮಗ್ಗುಲಾಗಿದ್ದ.

ಗೊತ್ತಿದ್ದದ್ದು ಊರಿನ ಹಳಬರಿಗೆ.

ಭದ್ರಮ್ಮ ಈ ಮನೆಗೆ ಬಂದಾಗ ಹದಿನೇಳು ವರ್ಷ. ತವರು ಉಯ್ಯಂಬಳ್ಳಿ ಕಡೆ. ಅಲ್ಲಿ ರಾಗಿ ಗೊತ್ತು, ಕುರಿ ಗೊತ್ತು, ರೇಷ್ಮೆ ಗೊತ್ತಿರಲಿಲ್ಲ. ಮಾವ ವೆಂಕಟಯ್ಯನ ಮನೆಯಲ್ಲಿ ಕುರಿಯೂ ಇತ್ತು, ಹಿಪ್ಪುನೇರಳೆ ತೋಟವೂ ಇತ್ತು. ಕುರಿ ಗಂಡಸರದು, ಹುಳು ಹೆಂಗಸರದು ಎಂದು ಕೆಲಸ ಹಂಚಿಹೋಗಿತ್ತು. ಹೆಂಗಸರದು ಅಂದರೂ ತಿಂಗಳಿಗೆ ಮೂರು ದಿನ ಹೆಂಗಸರಿಗೆ ಹುಳುಮನೆ ಇಲ್ಲ. ಮುಟ್ಟಾದವಳ ಗಾಳಿ ಸೋಕಿದರೆ ಹುಳು ಕಕ್ಕಿ ಸಾಯುತ್ತವೆ ಎಂದು ಅತ್ತೆ ಮಾರಮ್ಮ ಮದುವೆಯ ಮಾರನೇ ದಿನವೇ ಹೇಳಿಕೊಟ್ಟಿದ್ದಳು.

ನಾಲ್ಕನೇ ತಿಂಗಳಿಗೆ ಮಾರಮ್ಮ ಮಗಳ ಬಾಣಂತನಕ್ಕೆಂದು ಮಾಗಡಿ ಕಡೆ ಹೋದಳು. ಅದೇ ವಾರ ಭದ್ರಮ್ಮ ಹೊರಗಾದಳು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಹೊಟ್ಟೆಬಾಕನ ಹಾಗೆ ತಿನ್ನುವ ಕಾಲ. ಬೇರೆ ದಾರಿಯಿಲ್ಲದೆ ಮಾವನೇ ಕುರಿ ಬಿಟ್ಟು ಬಂದು ಸೊಪ್ಪು ಹಾಕಿದ. ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಹುಡುಗಿಗೆ ಎರಡನೇ ದಿನ ಒಳಗಿನಿಂದ ಹುಳು ಮೇಯುವ ಸದ್ದೇ ಬರಲಿಲ್ಲ. ಎದ್ದು ಹೋಗಿ ಬಾಗಿಲು ಒಂದು ಗೇಣು ಸರಿಸಿ ಇಣುಕಿದಳು. ಒಳಗೆ ಕಾಲಿಡಲಿಲ್ಲ, ಏನೂ ಮುಟ್ಟಲಿಲ್ಲ. ಒಂದು ಥರದ ಕಟು ವಾಸನೆ ಮೂಗಿಗೆ ಬಡಿಯಿತು, ಬಾಗಿಲು ಎಳೆದುಕೊಂಡು ಬಂದು ಕೂತಳು.

ಮಾರನೇ ದಿನ ಹುಳುಗಳೆಲ್ಲ ತಲೆಯೆತ್ತಿ, ಹಸಿರು ನೀರು ಕಕ್ಕಿ, ಮುದುರಿಕೊಂಡು ಸತ್ತವು. ಸುದ್ದಿ ಕೇಳಿ ಓಡಿ ಬಂದ ಮಾರಮ್ಮ ಒಂದೇ ಮಾತು ಕೇಳಿದಳು, "ಬಾಗ್ಲು ತೆಗ್ದಿದ್ದಾ?"

ಹುಡುಗಿಗೆ ಸುಳ್ಳು ಬಾರದು. "ಹೂಂ" ಅಂದಳು.

ಹುಳುಮನೆಯ ಬಾಗಿಲಿಗೆ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಸಿದರು. ಬೀದಿಯವರೆಲ್ಲ ನಿಂತು ನೋಡುತ್ತಿದ್ದಂತೆ ಅಡ್ಡ ಬೀಳಿಸಿ, "ನನ್ನಿಂದ ಆಯ್ತು" ಎಂದು ಮೂರು ಸಲ ಹೇಳಿಸಿದರು. ಎರಡು ವರ್ಷ ಆಕೆಯನ್ನು ಹುಳುವಿನ ಹತ್ತಿರ ಬಿಡಲಿಲ್ಲ. ತಿಮ್ಮೇಶ ಹುಟ್ಟುವ ತನಕ ಬೀದಿಯ ಕೊನೆಯಲ್ಲಿ ಆಕೆಗೆ ಇದ್ದ ಹೆಸರು "ಹುಳ ಕೊಂದೋಳು."

ಹೀಗೆ ಅನ್ನಿಸಿಕೊಂಡವಳು ಹುಳು ಸಾಕುವುದನ್ನೇ ಬಿಡಬಹುದಿತ್ತು. ಭದ್ರಮ್ಮ ಬಿಡಲಿಲ್ಲ. ಸಾಲ ತೀರಿಸುವವರ ಹಾಗೆ ಕಲಿತಳು. ಸೊಪ್ಪಿನ ಎಳೆತನ, ಒಳಗಿನ ಸೆಕೆ, ಹುಳುವಿನ ಮೈ ಹೊಳಪು, ಎಲ್ಲವನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡಳು. ಜೊತೆಗೆ ಆ ಮೂರು ದಿನದ ಕಟ್ಟನ್ನು ಮಾರಮ್ಮನಿಗಿಂತ ಬಿಗಿಯಾಗಿ ನಡೆಸಿದಳು. ಮೂವತ್ತೆಂಟು ವರ್ಷದಲ್ಲಿ ತಾನು ಆ ಹುಳು ಕೊಂದದ್ದು ಹೌದೋ ಅಲ್ಲವೋ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕೊಂದೆ ಎಂದೇ ಗೊತ್ತಿತ್ತು.

ಸೊಸೆ ಕುಸುಮ ದೊಡ್ಡಆಲಹಳ್ಳಿಯವಳು, ಓದಿದ್ದು ಬೆಂಗಳೂರಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು. ಅವಳಿಗೆ ಎಲ್ಲಕ್ಕೂ ಭಯ. ಮಗಳು ಅಮೂಲ್ಯ ಒಂದು ಸಲ ಕೆಮ್ಮಿದರೆ ಥರ್ಮಾಮೀಟರು, ಎರಡನೇ ಸಲಕ್ಕೆ ಫೋನಿನಲ್ಲಿ ಹುಡುಕಾಟ, ಮೂರನೇ ಸಲಕ್ಕೆ ರಾಮನಗರದ ಡಾಕ್ಟರು. ಮಗು ಟೀವಿ ನೋಡಿದರೆ ಕಣ್ಣಿಗೆ ಭಯ, ಹೊರಗೆ ಆಡಿದರೆ ಬಿಸಿಲಿನ ಭಯ, ಸುಮ್ಮನೆ ಕೂತರೆ ಯಾಕೆ ಸುಮ್ಮನಿದ್ದಾಳೆ ಎಂಬ ಭಯ. ಭದ್ರಮ್ಮ ಇದನ್ನೆಲ್ಲ ನೋಡಿ, "ನಿಮ್ಮವ್ವ ನಿನ್ನ ಹೆತ್ತಿಲ್ಲ ಕಣ ಮಗ, ಗಾಜಿನಂಗಡಿ ಇಟ್ಕಂಡವ್ಳೆ" ಎಂದು ಮೊಮ್ಮಗಳ ಹತ್ತಿರ ನಗುತ್ತಿದ್ದಳು.

ಅಂಥ ಕುಸುಮ ಮೂರು ದಿನದ ವಿಷಯ ಒಂದೇ ಸಲ ಕೇಳಿದ್ದಳು, "ಹುಳುಗೆ ಅದು ಹೇಗೆ ಗೊತ್ತಾಗುತ್ತೆ ಅತ್ತೆ?"

"ಗೊತ್ತಾಯ್ತದೆ. ನಂಗೆ ಗೊತ್ತು." ಕುಸುಮಳ ಆ ದಿನಗಳಲ್ಲಿ ಹುಳುವಿನ ಕೆಲಸವನ್ನೆಲ್ಲ ಭದ್ರಮ್ಮ ಒಬ್ಬಳೇ ಮಾಡುತ್ತಿದ್ದಳು.

ಹೋದ ವರ್ಷದ ಮಾತು. ಒಂದು ಭಾನುವಾರ ಬೆಳಗ್ಗೆ ಹುಳುವಿಗೆ ಸೊಪ್ಪು ಕೊಟ್ಟು ಬಂದು ಭದ್ರಮ್ಮ ನಡುಮನೆಯ ಕಂಬಕ್ಕೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಏಳು ವರ್ಷದ ಅಮೂಲ್ಯ ಟೀವಿಯ ಮುಂದೆ. ಕನ್ನಡಕ್ಕೆ ಡಬ್ ಮಾಡಿದ ಕಾರ್ಟೂನು. ಒಬ್ಬ ಅಣ್ಣ, ಒಬ್ಬ ತಂಗಿ, ಮಾತಾಡುವ ಒಂದು ಗೂಬೆ. ಮೂವರೂ ವಾರವಾರ ಹಳೇ ಕಾಲದ ಗ್ರೀಸ್ ದೇಶಕ್ಕೆ ಹಾರಿಹೋಗಿ ಅಲ್ಲಿನ ದೇವರುಗಳ ಕಥೆ ನೋಡಿ ಬರುತ್ತಾರೆ. ಅವತ್ತಿನದು ಜಾಡಿಯ ಕಥೆ. ಮನುಷ್ಯರ ಕೈಗೆ ಬೆಂಕಿ ಸಿಕ್ಕಿತೆಂದು ದೇವರ ರಾಜನಿಗೆ ಸಿಟ್ಟು. ಮಣ್ಣಿನಿಂದ ಒಬ್ಬ ಹೆಂಗಸನ್ನು ಮಾಡಿಸುತ್ತಾನೆ. ಚಂದದ ಸೀರೆಯಂಥದ್ದು ಉಡಿಸಿ, ಮದುವೆಯ ಉಡುಗೊರೆ ಎಂದು ಮುಚ್ಚಿದ ಜಾಡಿ ಕೊಟ್ಟು, ತೆರೆಯಬೇಡ ಅನ್ನುತ್ತಾನೆ. ಅವಳು ತೆರೆಯುತ್ತಾಳೆ. ರೋಗ, ಮುಪ್ಪು, ಸಂಕಟ ಎಲ್ಲ ಕಪ್ಪು ಹುಳುಗಳಾಗಿ ಹಾರಿ ಊರೂರಿಗೆ ಹೋಗುತ್ತವೆ. ಗಂಡಸರೆಲ್ಲ ತಲೆಯ ಮೇಲೆ ಕೈಯಿಟ್ಟು ಅಳುತ್ತಾರೆ. ಹೆಂಗಸು ತಲೆ ತಗ್ಗಿಸಿ ನಿಲ್ಲುತ್ತಾಳೆ. ಗೂಬೆ ಕನ್ನಡಕ ಸರಿಮಾಡಿಕೊಂಡು, "ನೋಡಿದಿರಾ ಮಕ್ಕಳೇ, ಒಬ್ಬಳ ಆತುರದಿಂದ ಲೋಕಕ್ಕೇ ಕಷ್ಟ" ಅನ್ನುತ್ತದೆ.

ಬಟ್ಟೆ ಮಡಿಸುತ್ತಿದ್ದ ಕುಸುಮ, "ಅಮ್ಮು, ಆಫ್ ಮಾಡು. ಆ ಹುಳ ನೋಡಿ ಕೆಟ್ಟ ಕನಸು ಬೀಳುತ್ತೆ" ಅಂದಳು.

"ಇರ್ಲಿ ಬುಡು" ಅಂದ ಭದ್ರಮ್ಮನ ಕಣ್ಣು ತಲೆ ತಗ್ಗಿಸಿ ನಿಂತವಳ ಮೇಲೇ ಇತ್ತು.

"ಅಜ್ಜಿ, ಅವಳೊಬ್ಳು ತೆಗೆದಿದ್ದಕ್ಕೆ ಎಲ್ಲರಿಗೂ ಕಾಯ್ಲೆ ಬಂತಾ?" ಎಂದು ಅಮೂಲ್ಯ ಕೇಳಿದಳು.

"ಹೂಂ ಕಣ ಮಗ. ಹೆಣ್ಣು ತೆಗೀಬಾರ್ದ್ ಬಾಗ್ಲ ತೆಗುದ್ರೆ ಹಂಗೇಯ. ಎಲ್ಲಾ ದೇಶ್ದಲ್ಲೂ ಹಂಗೇ ಅಂತ ಕಾಣ್ತದೆ."

ಮಾರನೇ ದಿನ ಬೆಳಗ್ಗೆ ತವರಿಂದ ಫೋನು ಬಂತು. ತಂಗಿಯ ಗಂಡನ ತಿಥಿ. ಹುಳು ನಾಲ್ಕನೇ ಪೊರೆ ಬಿಟ್ಟು ತಿನ್ನಲು ಶುರುಮಾಡಿದೆ, ಬಿಟ್ಟು ಹೋಗುವ ಹಾಗಿಲ್ಲ, ಹೋಗದಿರುವ ಹಾಗೂ ಇಲ್ಲ. ಕುಸುಮಳಿಗೆ ಹತ್ತು ಸಲ ಹೇಳಿ ಭದ್ರಮ್ಮ ಉಯ್ಯಂಬಳ್ಳಿಗೆ ಹೊರಟಳು. ಆಕೆ ಕನಕಪುರದಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಇಲ್ಲಿ ಕುಸುಮ ಹೊರಗಾದಳು.

ಬುಧವಾರ ಹನ್ನೊಂದು ಗಂಟೆಗೆ ಭದ್ರಮ್ಮ ವಾಪಸ್ಸು ಬಂದಾಗ ಜಗಲಿಯ ಮೇಲೆ ಗಂಡ ಅಪ್ಪಾಜಿ, ಪಕ್ಕದ ಮನೆಯ ಚಲುವಯ್ಯ ಕೂತಿದ್ದರು. ಮಗ ತಿಮ್ಮೇಶ ಗೂಡ್ಸ್ ಆಟೋ ಕೆಲಸಕ್ಕೆ ಹೋಗದೆ ಅಂಗಳದಲ್ಲಿ ನಿಂತಿದ್ದ. ಮೂಲೆಯ ಚಾಪೆಯ ಮೇಲೆ ಕುಸುಮ ಅತ್ತು ಮುಖ ಊದಿಸಿಕೊಂಡಿದ್ದಳು.

"ಹುಳ ಕಕ್ತಾವೆ" ಅಂದ ಅಪ್ಪಾಜಿ.

ಭದ್ರಮ್ಮನ ಕೈಯಿಂದ ಚೀಲ ಜಾರಿತು. "ಯಾರ್ ಹೋಗಿದ್ರು ಒಳೀಕೆ?"

"ನಾನೂ ತಿಮ್ಮೇಶ್ನೂ ಸೊಪ್ಪಾಕ್ತಿದ್ದೊ. ಕುರಿಯ ಚಲುವಯ್ಯನ್ ಕುರಿ ಜೊತೆ ಹೊಡ್ದು, ಎಲ್ಡ್ ದಿವ್ಸ ಕಷ್ಟ ಬಿದ್ದು ಹುಳವ ಮೇಯ್ಸಿದ್ದೀನಿ. ನಿನ್ನೆ ಸಂಜೆ ನಿನ್ ಮೊಮ್ಮಗ್ಳು ಇಸ್ಕೂಲಿಂದ ಬಂದೋಳು ಅವರವ್ವನ್ನ ತಬ್ಕಂಡು, ಸೀದಾ ಹೋಗಿ ಹುಳುಮನೆ ಬಾಗ್ಲು ತೆಗ್ದವ್ಳೆ. ನಾನೇ ಕಣ್ಣಾರ ನೋಡಿ ಬೈದೆ. ಬೆಳಿಗ್ಗೆ ನೋಡುದ್ರೆ ಹಿಂಗೆ."

ಚಲುವಯ್ಯ ಗಂಟಲು ಸರಿಮಾಡಿಕೊಂಡ. "ಮಗ ಅನ್ಕಂಡು ಬುಟ್ಟುಬುಟ್ರೆ ಮುಂದ್ಕೆ ಆಯ್ಕಿಲ್ಲ ಕಣಕ್ಕ. ಇದು ನಿಮ್ಮನೇದೊಂದೇ ಅಲ್ಲ, ಪಕ್ಕದೋರು ನಾವೂ ಹುಳ ಇಕ್ಕಂಡಿದ್ದೀವಿ. ಬಾಗ್ಲಿಗೊಂದು ತಪ್ಪುಕಾಣಿಕೆ ಕಟ್ಸಿ, ಮಗೂನ ಅಡ್ಡ ಬೀಳ್ಸಿ, ನನ್ನಿಂದ ಆಯ್ತು ಅನ್ಸಿ. ನಿಮ್ಮನೇಲಿ ಹಿಂದೆ ಮಾಡಿದ್ದೇ ಅಲ್ವಾ."

ಹಿಂದೆ ಮಾಡಿದ್ದೇ. ಅದನ್ನು ನೋಡಲು ನಿಂತ ಬೀದಿಯವರಲ್ಲಿ ಆಗ ಚಡ್ಡಿ ಹುಡುಗನಾಗಿದ್ದ ಚಲುವಯ್ಯನೂ ಇದ್ದ.

"ಅತ್ತೆ" ಎಂದಳು ಕುಸುಮ, "ಅಮ್ಮು ನಿನ್ನೆ ಸಂಜೆಯಿಂದ ಒಂದು ತುತ್ತು ಮುಟ್ಟಿಲ್ಲ. ಸ್ಕೂಲಿಗೂ ಹೋಗ್ಲಿಲ್ಲ. ರಾಗಿ ಡ್ರಮ್ಮಿನ ಹಿಂದೆ ಕೂತಿದ್ದಾಳೆ. ಇವರ ಕೈಲಿ ಜ್ವರ ನೋಡಿಸಿದೆ, ಇಲ್ಲ. ನಾನು ಒಳಗೆ ಹೋಗಿ ಎತ್ಕೊಳ್ಳೋ ಹಾಗೂ ಇಲ್ಲ. ಹೀಗೆ ಎಷ್ಟು ಹೊತ್ತು ಕೂರ್ತಾಳೆ ಅತ್ತೆ ಮಗು?"

ಭದ್ರಮ್ಮ ಹುಳುಮನೆಯ ಕಡೆ ಹೋಗಲಿಲ್ಲ. ಮೊದಲು ಡ್ರಮ್ಮಿನ ಹಿಂದೆ ಹೋದಳು. ಗೋಡೆಗೂ ಡ್ರಮ್ಮಿಗೂ ನಡುವೆ ಇದ್ದ ಸಂದಿಯಲ್ಲಿ ಯೂನಿಫಾರ್ಮ್ ಕೂಡ ಕಳಚದ ಮಗು ಮಂಡಿಗೆ ಗದ್ದ ಕೊಟ್ಟು ಕೂತಿತ್ತು.

"ಬಾ ಮಗ."

"ನನ್ನ ಮುಟ್ಬೇಡ ಅಜ್ಜಿ. ನಾನೇ ಬಾಗ್ಲು ತೆಗೆದಿದ್ದು. ಹುಳ ಎಷ್ಟು ದೊಡ್ಡದಾಗಿದೆ ಅಂತ ನೋಡಕ್ಕೆ. ಆ ಕಥೇಲಿ ಥರನೇ ಆಯ್ತು. ನೀನು ಹೇಳಿದ್ದೆಯಲ್ಲ, ಹೆಣ್ಣು ತೆಗೆದ್ರೆ ಹಂಗೇ ಅಂತ."

ಭದ್ರಮ್ಮ ಅಲ್ಲೇ ನೆಲಕ್ಕೆ ಕೂತಳು. ಹೇಳಿದ್ದು ಹೌದು, ಭಾನುವಾರ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು. ತನಗೆ ಇದನ್ನು ಹೊರಿಸಿದಾಗ ಹದಿನೇಳು ತುಂಬಿತ್ತು, ಇದಕ್ಕೆ ಏಳು. ಇಷ್ಟು ಚಿಕ್ಕ ಬೆನ್ನ ಮೇಲೆ ಇದನ್ನಿಟ್ಟರೆ ಇದು ಎಷ್ಟು ವರ್ಷ ಹೊರಬೇಕು ಎಂದು ಆಕೆಗೆ ಲೆಕ್ಕ ಸಿಗಲಿಲ್ಲ.

"ಆ ಕತೆ ಇನ್ನೊಂದ್ಸಲ ಹೇಳು ನಂಗೆ" ಎಂದಳು. ಯಾಕೆ ಕೇಳಿದಳೋ ಆಕೆಗೂ ಸರಿಯಾಗಿ ತಿಳಿಯದು. ಮಗುವನ್ನು ಮಾತಿಗೆಳೆಯಬೇಕಿತ್ತು ಅಷ್ಟೆ.

ಅಮೂಲ್ಯ ಮೂಗು ಒರೆಸಿಕೊಳ್ಳುತ್ತ ಹೇಳಿದಳು. ಬೆಂಕಿ ಕದ್ದದ್ದು, ಬೆಟ್ಟ ಹತ್ತಿದ್ದು, ಜಾಡಿ ತಂದದ್ದು.

"ಇದೆಲ್ಲ ಮಾಡಿದ್ದು ಗಂಡಸ್ರು. ಆ ಹೆಂಗ್ಸು ಏನೇನ್ ಮಾಡುದ್ಲು?"

ಮಗು ಬೆರಳು ಮಡಿಸಿ ಎಣಿಸಿತು. "ತಲೆ ಬಾಚ್ಕೊಂಡ್ಲು. ಕನ್ನಡಿ ನೋಡ್ಕೊಂಡ್ಲು. ಮುಚ್ಚಳ ತೆಗೆದ್ಲು."

"ಅಷ್ಟೇಯಾ?"

"ಅಷ್ಟೇ. ಆಮೇಲೆ ಅತ್ಲು."

"ಆ ಗೂಬೆ ಜೊತೆ ಒಂದ್ ಹುಡ್ಗಿ ಬತ್ತದಲ್ಲ, ಅದು?"

"ಅದು ಕಿರುಚುತ್ತೆ. ಅಣ್ಣನ ಹಿಂದೆ ನಿಂತ್ಕೊಳ್ಳುತ್ತೆ."

"ಆಯ್ತು. ಜಾಡಿ ಯಾರ್ದು ಮಗ?"

"ದೇವ್ರ ರಾಜಂದು."

"ಅದ್ರೊಳೀಕೆ ಆ ರೋಗವ ಯಾರು ತುಂಬಿದ್ದು?"

ಕಥೆಯಲ್ಲಿ ಅದು ಇತ್ತು, ಆದರೆ ಬೇಗ ಬಂದು ಹೋಗಿತ್ತು. "ಅವ್ನೇ. ನಗ್ತಾ ನಗ್ತಾ ತುಂಬ್ದ" ಎಂದಳು ನಿಧಾನವಾಗಿ.

"ಗೂಬೆ ಅವಂಗೇನಂತು?"

"ಏನೂ ಅನ್ಲಿಲ್ಲ ಅಜ್ಜಿ."

ಭದ್ರಮ್ಮ ಎದ್ದು ನಿಂತಳು. ಮೊಮ್ಮಗಳ ತೋಳು ಹಿಡಿದು ಸಂದಿಯಿಂದ ಎಳೆದು ಕೂಸುಮರಿ ಮಾಡಿ ಬೆನ್ನಿಗೇರಿಸಿಕೊಂಡಳು. ಬಾಗಿಲು ತೆಗೆದದ್ದು ಮಗು. ಸರಿ. ಒಳಗೆ ತುಂಬಿದ್ದು ಏನು, ತುಂಬಿದ್ದು ಯಾರು, ಅದನ್ನು ನೋಡಬೇಕು ಅನ್ನಿಸಿತು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅನ್ನಿಸಿತು.

ಹುಳುಮನೆಯಲ್ಲಿ ನಡುವೆ ಓಡಾಡಲು ದಾರಿ, ಎಡಕ್ಕೊಂದು ಬಲಕ್ಕೊಂದು ಅಟ್ಟಣಿಗೆ ಸಾಲು. ಎಡಗಡೆ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಹಸಿರು ಕಕ್ಕುತ್ತಿದ್ದವು. ಕೆಲವು ಮುದುರಿಕೊಂಡಿದ್ದವು. ಭದ್ರಮ್ಮ ಬಲಗಡೆ ತಿರುಗಿದಳು. ಬಲಗಡೆಯ ಹುಳು ತಮ್ಮ ಪಾಡಿಗೆ ಕರಕರ ತಿನ್ನುತ್ತಿದ್ದವು.

ಅದೇ ಗಾಳಿ, ಅದೇ ಬಾಗಿಲು. ಹೆಣ್ಣಿನ ಮೈಲಿಗೆ ಬಾಗಿಲಲ್ಲಿ ಬಂದು ಎಡಕ್ಕೆ ಮಾತ್ರ ತಿರುಗಿತೇ?

"ತಿಮ್ಮೇಶ" ಎಂದು ಕರೆದಳು. ಮಗ ಬಾಗಿಲಿಗೆ ಬಂದ. "ಯಾವ ಕಡೆಗೆ ಯಾರ್ ಹಾಕುದ್ರಿ ಸೊಪ್ಪ?"

"ಬಲಗಡೆಗೆ ನಾನು ಅವ್ವ, ಮೇಲಿನ್ ತೋಟದ್ದು ಗಾಡೀಲಿ ತಂದು ಹಂಗೇ ಹಾಕ್ದೆ. ಎಡಗಡೆಗೆ ಅಪ್ಪ."

ಎಡಸಾಲಿನ ಕೆಳಗೆ ಮುಂದಿನ ಹೊತ್ತಿನ ಸೊಪ್ಪು, ಬಾಡದಿರಲೆಂದು ಒದ್ದೆ ಗೋಣಿ ಮುಚ್ಚಿ ಇಟ್ಟಿದ್ದರು. ಭದ್ರಮ್ಮ ಬಗ್ಗಿ ಗೋಣಿ ಎತ್ತಿದಳು. ಮೂಗಿಗೆ ಬಡಿಯಿತು.

ಆ ವಾಸನೆ ಆಕೆಗೆ ಗೊತ್ತಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕುರಿಗಳಿಗೆ ಉಣ್ಣಿ ಹಿಡಿಯುತ್ತದೆ. ಈ ಮನೆಯ ಗಂಡಸರು ಹೊಗೆಸೊಪ್ಪು ಕುದಿಸಿದ ನೀರಲ್ಲಿ ಗೋಣಿ ಅದ್ದಿ ಕುರಿಯ ಮೈಯುಜ್ಜುತ್ತಾರೆ. ಉಣ್ಣಿ ಪಟಪಟ ಉದುರುತ್ತವೆ. ಉಣ್ಣಿ ಉದುರಿಸುವುದು ರೇಷ್ಮೆ ಹುಳುವನ್ನು ಉಳಿಸುತ್ತದೆಯೇ? ಹುಳುಮನೆಗೆ ಹೋಗುವ ಮುಂಚೆ ಬಾಯಲ್ಲಿನ ಹೊಗೆಸೊಪ್ಪು ಉಗಿದು ಕೈ ತೊಳೆಯಬೇಕು ಎನ್ನುವುದು ಹುಳು ಸಾಕುವ ಪ್ರತಿ ಹೆಂಗಸಿಗೂ ಗೊತ್ತು. ಹುಳುಮನೆಗೆ ಎಂದೂ ಬಾರದ ಗಂಡಸಿಗೆ ಯಾರು ಹೇಳಬೇಕು? ಅವನು ಬರುವುದೇ ಹೆಂಗಸು ಹೊರಗಾದಾಗ. ಅವಳು ಹೊರಗೆ, ಇವನು ಒಳಗೆ, ಹುಳು ಸತ್ತವು. ತಪ್ಪು ಹೊರಗೆ ಕೂತವಳದು.

ಇನ್ನೂ ಒಂದು ನೆನಪಾಯಿತು. ಒಂದು ಗೇಣು ಸರಿದ ಬಾಗಿಲಿನಿಂದ ಹದಿನೇಳರ ಹುಡುಗಿಯ ಮೂಗಿಗೆ ಬಡಿದದ್ದು ಇದೇ ವಾಸನೆ. ಅದೂ ಮುಂಗಾರೇ. ಮಾವ ಕುರಿ ಬಿಟ್ಟು ನೇರ ಬಂದಿದ್ದ. ಇಷ್ಟು ವರ್ಷ ಭದ್ರಮ್ಮ ಅದನ್ನು ತನ್ನ ತಪ್ಪಿನ ವಾಸನೆ ಎಂದು ತಿಳಿದಿದ್ದಳು.

ಗೋಣಿ ಎಳೆದುಕೊಂಡು ಹೊರಗೆ ಬಂದವಳು ಅದನ್ನು ಗಂಡನ ಕಾಲ ಬಳಿ ಹಾಕಿದಳು. ಬೆನ್ನ ಮೇಲೆ ಮೊಮ್ಮಗಳು ಹಾಗೇ ಇದ್ದಳು.

"ಮೂಸಿ."

"ಏನಿದು?" ಅಂದ ಅಪ್ಪಾಜಿ.

"ಕುರಿ ಉಜ್ಜಿದ ಗೋಣಿ. ಯಾವಾಗ ಉಜ್ಜುದ್ರಿ?"

"ಸೋಮ್ವಾರ. ಹಿಂಡಿ ಒಣಗಾಕಿದ್ದೆ, ಸೊಪ್ಪಿಗೆ ಮುಚ್ಚಕೆ ಬೇರೆ ಸಿಗ್ನಿಲ್ಲ, ಅದ್ಕೆ..." ಮಾತು ಅರ್ಧಕ್ಕೆ ನಿಂತಿತು. ಅಪ್ಪಾಜಿ ದಡ್ಡನಲ್ಲ.

"ನೀವ್ ಹಾಕಿದ್ ಎಡಗಡೆ ಸಾಯ್ತಾವೆ. ಮಗ ಹಾಕಿದ್ ಬಲಗಡೆ ಮೇಯ್ತಾವೆ. ಈ ಮಗ ತೆಗ್ದ ಬಾಗ್ಲು ಎಲ್ಡಕ್ಕೂ ಒಂದೇಯ. ಹೋಗಿ ನೋಡ್ಕಂಡು ಬನ್ನಿ, ನಾನಿಲ್ಲೇ ನಿಂತಿರ್ತೀನಿ."

ಅಪ್ಪಾಜಿ ಏಳಲಿಲ್ಲ. ತಿಮ್ಮೇಶ ಗೋಣಿ ಎತ್ತಿ ಮೂಸಿ ದೂರ ಹಿಡಿದ. ಚಲುವಯ್ಯ, "ಅದೊಂದ್ ಇರಬೈದು ಕಣಕ್ಕ, ಇದೂ ಇರಬೈದು. ಶಾಸ್ತ್ರಕ್ಕೊಂದ್ಸಲ ಅಡ್ಡ ಬಿದ್ರೆ ಮಗೀಗೇನ್ ಸವೀತದೆ" ಅಂದ.

"ಏನ್ ಸವೀತದೆ ಅಂತ ನನ್ನ ಕೇಳು ಚಲುವಯ್ಯ. ನಾನ್ ಬಿದ್ದೋಳು. ನೀನು ಬೆಲ್ಲ ಚೀಪ್ಕಂಡು ನೋಡ್ತಿದ್ದೆ." ಭದ್ರಮ್ಮ ಗಂಡನ ಕಡೆ ತಿರುಗಿದಳು. "ಅವತ್ತೂ ಹುಳ ಕೊಂದಿದ್ದು ನಾನಲ್ಲ. ನಿಮ್ಮಪ್ಪ. ಬೇಕು ಅಂತ ಮಾಡ್ನಿಲ್ಲ, ಗೊತ್ತಿಲ್ದೆ ಮಾಡುದ್ರು. ಆದ್ರೆ ಅವ್ರ ಯಾರೂ ಅಡ್ಡ ಬೀಳ್ಸ್ನಿಲ್ಲ. ನನ್ನ ಬೀಳ್ಸುದ್ರಿ. ನನ್ನಿಂದ ಆಯ್ತು ಅಂತ ಮೂರು ಸಲ ಅನ್ಸುದ್ರಿ. ಇವತ್ತು ಮೂರು ಸಲ ಹೇಳ್ತೀನಿ ಕೇಳಿ. ನನ್ನಿಂದ ಆಗ್ನಿಲ್ಲ. ನನ್ನಿಂದ ಆಗ್ನಿಲ್ಲ. ನನ್ನಿಂದ ಆಗ್ನಿಲ್ಲ. ಈ ಮಗೀನ ಕೈಲಿ ಯಾವನಾರ ಬಾಗ್ಲ ಮುಂದೆ ನೆಲ ಮುಟ್ಸುದ್ರೆ, ಆ ಬಾಗ್ಲ ಕಿತ್ತು ಒಲೆಗಾಕ್ತೀನಿ."

ದನಿ ಏರಲಿಲ್ಲ. ಏರಿದ್ದರೆ ಅಪ್ಪಾಜಿ ತಾನೂ ಏರಿಸುತ್ತಿದ್ದ. ಅವನು ಟವೆಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಕುರಿಯಿದ್ದ ಕಡೆಗೆ ಹೊರಟುಹೋದ.

ಭದ್ರಮ್ಮ ಮಗುವಿಗೆ ಉಣ್ಣಿಸೆಂದು ತಿಮ್ಮೇಶನ ಕೈಗೆ ಕೊಟ್ಟು ಮೂಲೆಯ ಚಾಪೆಯತ್ತ ಬಂದಳು. "ಕುಸ್ಮ, ಏಳಮ್ಮಿ. ಎಡಗಡೆ ಹುಳವ ಹಳೇ ಸೊಪ್ಪಿಂದ ಬುಡ್ಸಿ ಹೊಸಾ ಹಾಸಿಗೆಗೆ ಹಾಕ್ಬೇಕು. ಗಾಳಿ ಬುಟ್ಟು ಒಳ್ಳೆ ಸೊಪ್ಪು ಕೊಟ್ರೆ ಅರ್ಧನಾದ್ರೂ ಏಳ್ತವೆ. ನಂಗೊಬ್ಳಿಗೇ ಆಗಕಿಲ್ಲ."

ಕುಸುಮ ಕೂತಲ್ಲೇ ಹಿಂದೆ ಸರಿದಳು. "ಅತ್ತೆ, ಇವತ್ತು ನಂದು ಮೂರನೇ ದಿನ."

"ಗೊತ್ತು."

"ನಾನು ಮುಟ್ಟಿದ ಮೇಲೆ ಅವು ಸತ್ರೆ ಆಗ ಏನು ಮಾಡೋಣ? ಹೇಗಿದ್ರೂ ಅರ್ಧ ಸಾಯ್ತವೆ ಅಂತ ನೀವೇ ಹೇಳ್ತಿದ್ದೀರಿ. ಊರೆಲ್ಲ ನನ್ನ ಮೇಲೆ ಹಾಕ್ತಾರೆ. ನಾಳೆ ಅಮ್ಮುಗೆ ಸ್ಕೂಲಲ್ಲಿ ಅಂತಾರೆ. ನೀವು ಯೋಚ್ನೆ ಮಾಡಿದ್ದೀರಾ?"

ಯೋಚನೆ ಮಾಡಿದ್ದಳು. ಮೂವತ್ತೆಂಟು ವರ್ಷದ ಹೆದರಿಕೆ ಒಂದು ಗೋಣಿ ಮೂಸಿದ ಮಾತ್ರಕ್ಕೆ ಮೈ ಬಿಟ್ಟು ಹೋಗುವುದಿಲ್ಲ.

"ನಂಗೂ ಪುಕುಪುಕು ಅಂತದೆ ಕಣಮ್ಮಿ" ಅಂದಳು ಭದ್ರಮ್ಮ. "ಆದ್ರೂ ಬಾ. ಯಾರಾರ ಏನಾರ ಅಂದ್ರೆ ನನ್ನ ಹೆಸ್ರು ಹೇಳು, ಅತ್ತೆನೇ ಕರ್ಕಂಡೋದ್ಲು ಅಂತ. ನಾನು ಅನ್ನಿಸ್ಕಂಡು ರೂಢಿಯಾದೋಳು."

ಸೊಸೆಯ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಹುಳುಮನೆಯ ಹೊಸಿಲು ದಾಟಿದ್ದನ್ನು ಚಲುವಯ್ಯ ಕಣ್ಣು ಪಿಳುಕಿಸದೆ ನೋಡಿದ. ಸಂಜೆಯೊಳಗೆ ಹದಿನೆಂಟು ಮನೆಗೂ ಗೊತ್ತಾಯಿತು.

ಮೂರು ಗಂಟೆ ಹೊತ್ತು ಬಗ್ಗಿದ ಸೊಂಟ ಎತ್ತದೆ ಕೆಲಸ ಮಾಡಿದರು. ಕುಸುಮ ಕಿಟಕಿಗಳನ್ನೆಲ್ಲ ತೆರೆದಳು, ತಿಮ್ಮೇಶ ಮೇಲಿನ ತೋಟದಿಂದ ಎರಡು ಗಾಡಿ ಸೊಪ್ಪು ತಂದ. ಎಡಸಾಲಿನಲ್ಲಿ ಮುದುರಿದ್ದ ಹುಳುಗಳಲ್ಲಿ ಕೆಲವು ಸಂಜೆಗೆ ಮೈ ಬಿಚ್ಚಿದವು. ಕುಸುಮ ಹತ್ತು ನಿಮಿಷಕ್ಕೊಮ್ಮೆ ಬಂದು ನೋಡುತ್ತಿದ್ದಳು, ಮಗುವಿನ ಜ್ವರ ನೋಡುವ ಹಾಗೇ. "ಅತ್ತೆ, ಇದು ತಿಂತಾ ಇದೆ. ಇದು ಯಾಕೋ ತಿಂತಿಲ್ಲ. ಇದು ಸತ್ತಿದ್ಯಾ, ಮಲಗಿದ್ಯಾ?"

"ಅದ್ಕೆ ಒಂದ್ ಥರ್ಮಾಮೀಟ್ರು ಇಕ್ಕು" ಅಂದಳು ಭದ್ರಮ್ಮ. ಎರಡು ದಿನದಲ್ಲಿ ಕುಸುಮ ಮೊದಲ ಸಲ ನಕ್ಕಳು.

ಎಲ್ಲ ಏಳಲಿಲ್ಲ. ಎಡಗಡೆ ಮೂರರಲ್ಲಿ ಒಂದು ಪಾಲು ಹೋಯಿತು. ಬಲಗಡೆಯದಕ್ಕೆ ಏನೂ ಆಗಲಿಲ್ಲ. ಗುರುವಾರ ನೀರಿನ ತೊಟ್ಟಿಯ ಬಳಿ ಬೀದಿಯ ಹೆಂಗಸರು ಭದ್ರಮ್ಮನಿಗೆ ಜಾಗ ಬಿಟ್ಟು ನಿಂತರು. ಒಬ್ಬಳು, "ಹುಳುಮನೇಗೇ ಮೈಲಿಗೆ ಮಾಡ್ಕಂಡ್ರಂತೆ" ಅಂದಳು, ಯಾರಿಗೋ ಹೇಳುವ ಹಾಗೆ. ಭದ್ರಮ್ಮ ಬಿಂದಿಗೆ ಇಟ್ಟು, "ನಿಮ್ಮನೇಲಿ ಹೋದ ದೀಪಾವಳೀಲಿ ಹುಳ ಸತ್ತುವಲ್ಲ, ಆ ಮೂರು ದಿನ ಸೊಪ್ಪಾಕಿದ್ದು ಯಾರು? ಜ್ಞಾಪಿಸ್ಕಂಡು ಹೇಳು" ಎಂದು ಕೇಳಿದಳು. ಆ ಹೆಂಗಸು ಬಿಂದಿಗೆ ತುಂಬಿಕೊಂಡು ಹೊರಟಳು. ಮಧ್ಯಾಹ್ನ ಮನೆಯ ಹಿಂಬಾಗಿಲಿಗೆ ಬಂದು, "ನಮ್ಮ ಬಾವ್ನೋರು ಕಣಕ್ಕ. ಅವರು ನಸ್ಯ ಹಾಕ್ತಾರೆ" ಎಂದು ಮೆಲ್ಲಗೆ ಹೇಳಿ ಹೋದಳು.

ಭಾನುವಾರ ಹುಳು ಹಣ್ಣಾದವು. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಿನ್ನುವುದು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು. ಅವನ್ನು ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರ ತಟ್ಟಿ, ಚಂದ್ರಿಕೆಗೆ ಬಿಡಬೇಕು. ಮನೆಯಲ್ಲಿರುವ ಕೈಯೆಲ್ಲ ಬೇಕು. ಬೆಳಗ್ಗಿನ ಕಾರ್ಟೂನು ಹಾಕಿಕೊಂಡು ಕೂತಿದ್ದ ಅಮೂಲ್ಯಳನ್ನು ಭದ್ರಮ್ಮ ಕರೆದಳು. ಬುಧವಾರ ಅಜ್ಜಿಯ ಬೆನ್ನಿಂದ ಇಳಿದ ಮೇಲೆ ಮಗು ಹುಳುಮನೆಯ ಕಡೆ ಸುಳಿದಿರಲಿಲ್ಲ. ಅಂಗಳ ದಾಟಬೇಕಾದರೂ ಗೋಡೆ ಬಳಸಿಕೊಂಡು ಹೋಗುತ್ತಿತ್ತು.

"ನಾನು ಬರಲ್ಲ ಅಜ್ಜಿ. ಸತ್ತೋದ್ರೆ?"

"ಸತ್ರೆ ಸಾಯ್ತವೆ. ಹುಳ ಅಂದ್ಮೇಲೆ ಸಾಯ್ತವೆ. ನಿನ್ನಿಂದ ಅಂತ ಯಾರಾರ ಅಂದ್ರೆ ನನ್ನ ಕರಿ."

ಮಗು ಬಾಗಿಲಲ್ಲಿ ನಿಂತಿತು. ಒಳಗೆ ಅಮ್ಮ ಬಗ್ಗಿ ಆರಿಸುತ್ತಿದ್ದಳು. ಬಹಳ ಹೊತ್ತು ನಿಂತು, ಆಮೇಲೆ ಒಂದು ಕಾಲು ಒಳಗಿಟ್ಟು, ಒಂದು ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಚಂದ್ರಿಕೆಗೆ ಬಿಟ್ಟು, ಅದು ಏನು ಮಾಡುತ್ತದೆಂದು ಉಸಿರು ಬಿಗಿಹಿಡಿದು ನೋಡಿತು. ಹುಳು ಕತ್ತು ತೂಗಿ ಎಳೆ ಬಿಡಲು ಶುರುಮಾಡಿತು.

ಹತ್ತು ಗಂಟೆ ಹೊತ್ತಿಗೆ ಅಪ್ಪಾಜಿ ಬಾಗಿಲಿಗೆ ಬಂದ. ಬುಧವಾರದಿಂದ ಹೆಂಡತಿಯ ಹತ್ತಿರ ಮಾತಿಲ್ಲ. ಬಡಿಸಿದ್ದನ್ನು ತಿಂದು ಎದ್ದು ಹೋಗುತ್ತಿದ್ದ. ತಪ್ಪಾಯಿತು ಎಂದು ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ಒಳಗಿನ ಕೆಲಸ ಕೈ ಮೀರುತ್ತಿರುವುದನ್ನು ನೋಡಿ, ಯಾರಿಗೂ ಹೇಳದ ಹಾಗೆ, "ನಾನೂ ಬರ್ಲಾ" ಅಂದ.

ಭದ್ರಮ್ಮ ತಲೆಯೆತ್ತಲಿಲ್ಲ. "ಬಾಗ್ಲಲ್ಲಿ ಅಮ್ಮು ಅವ್ಳೆ. ಅವ್ಳ ಕೇಳಿ."

ಅಮೂಲ್ಯ ತಾತನ ಎರಡೂ ಕೈ ಹಿಡಿದು ತಿರುಗಿಸಿ ಮೂಸಿದಳು. "ಸೋಪು ಹಾಕಿ ತೊಳ್ಕೊಂಡು ಬಾ ತಾತ."

ಅವನು ನಲ್ಲಿಗೆ ಹೋಗಿ ತೊಳೆದು ಬಂದ. ಮಗು ಮತ್ತೆ ಮೂಸಿತು. "ಉಗುರಲ್ಲಿ ಇನ್ನೂ ಇದೆ."

ಬೀದಿಯಿಂದ ಚಲುವಯ್ಯ, "ಏನಪ್ಪಾಜಣ್ಣ, ನಿನ್ ಹುಳುಮನೇಲಿ ಗಂಡಸ್ರಿಗೇ ಮೈಲಿಗೆಯಾ ಈಗ?" ಅಂದ.

ಅಪ್ಪಾಜಿ ನಲ್ಲಿಯ ಕೆಳಗೆ ಉಗುರು ಉಜ್ಜುತ್ತಲೇ, "ನೀನೂ ತೊಳ್ಕಂಡು ಬಾರ್ಲಾ, ಬಾಯ್ ಮಾಡ್ಬೇಡ. ಒಳ್ಗಡೆ ಕೈ ಸಾಲ್ದು" ಅಂದ.

ಮೂರನೇ ಸಲಕ್ಕೆ ಅಮೂಲ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಬಲಗಡೆ ಅಮ್ಮ ನೋಡ್ಕೊತಾಳೆ" ಎಂದು ಬೆರಳು ತೋರಿಸಿದಳು. "ನೀನು ನನ್ನ ಜೊತೆ ಎಡಗಡೆ ಬಾ. ಮೆಲ್ಲಗೆ ಹಿಡಿಬೇಕು, ನಾನು ತೋರಿಸ್ಕೊಡ್ತೀನಿ."